ಬಿಲ್ಲಿನ ಹಿಡಿಯೊಳಗೆ ಬಾಗಿದ ಪಟ್ಟಿ: ನಿಮ್ಮ ಕೆಲಸಕ್ಕೆ ಯಾವ ಜಿಗ್ ಸರಿ?

ಕಪ್ಪು ಬೀಟೆ ಮರದ ಬಿಲ್ಲಿನ ಹಿಡಿ. ಅದರೊಳಗೆ ಬೆಳ್ಳಗಿನ ಮೇಪಲ್ ಪಟ್ಟಿಯೊಂದು ಬೆನ್ನಿನಿಂದ ಇಳಿದು, ಕೈ ಕೂರುವ ಜಾಗದ ಹತ್ತಿರ ಬಾಗಿ, ಮತ್ತೆ ಬೆನ್ನಿಗೆ ಏರುತ್ತದೆ. ಬಿಲ್ಲನ್ನು ಕೈಗೆತ್ತಿಕೊಂಡವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಪಟ್ಟಿಯ ಪಕ್ಕದಲ್ಲಿ ಕೂದಲೆಳೆಯಷ್ಟು ಅಂಟಿನ ಗೆರೆ ಕಂಡರೂ ಕಣ್ಣು ಅಲ್ಲೇ ನಿಂತುಬಿಡುತ್ತದೆ.

ನನ್ನ ಎರಡನೇ ಬಿಲ್ಲಿನಲ್ಲಿ ಹಾಗೇ ಆಯಿತು. ಪಟ್ಟಿಯ ಎರಡೂ ತುದಿ ಬಿಗಿಯಾಗಿ ಕೂತಿದ್ದವು. ನಡುವೆ ಮಾತ್ರ ಅರ್ಧ ಮಿ.ಮೀ.ಗಿಂತ ಜಾಸ್ತಿ ಬಾಯಿ ಬಿಟ್ಟಿತ್ತು. ಕ್ಲ್ಯಾಂಪ್ ಎಷ್ಟು ತಿರುವಿದರೂ ಮುಚ್ಚಲಿಲ್ಲ. ಗೆರೆ ಚೆನ್ನಾಗಿತ್ತು, ಮೈಯೂ ನುಣುಪಾಗಿತ್ತು. ತಪ್ಪಿದ್ದದ್ದು ನಾನು ಆರಿಸಿಕೊಂಡ ಜಿಗ್‌ನಲ್ಲಿ, ಅಂದರೆ ಮರವನ್ನೋ ಯಂತ್ರವನ್ನೋ ಗೆರೆ ತಪ್ಪದಂತೆ ನಡೆಸುವ ಸಲಕರಣೆಯಲ್ಲಿ. ಪಟ್ಟಿಯ ಆಚೀಚೆ ಕೂರುವ ಮರದ ಎರಡು ಹೋಳನ್ನೂ ಒಂದೇ ಫರ್ಮಾದಿಂದ (ಬಾಗಿನ ಆಕಾರಕ್ಕೆ ಕತ್ತರಿಸಿದ ಮಾದರಿ ಹಲಗೆಯಿಂದ) ತೆಗೆದಿದ್ದೆ.

ಮೊದಲಿಗೆ ಪದಗಳ ವಿಷಯ ಹೇಳಿಬಿಡುತ್ತೇನೆ. ಬಿಲ್ಲಿನ ನಡುವಿನ ಗಟ್ಟಿ ಭಾಗ ರೈಸರ್. ಬಾಗುವ ಎರಡು ಕೈಗಳು ಲಿಂಬ್. ಬಿಲ್ಲು ಹಿಡಿದಾಗ ಗುರಿಯ ಕಡೆಗಿರುವ ಮುಖ ಬೆನ್ನು, ನಮ್ಮ ಕಡೆಗಿರುವುದು ಹೊಟ್ಟೆ. ಮರದ ರೈಸರ್‌ಗೆ ಸಾಮಾನ್ಯವಾಗಿ 45ರಿಂದ 50 ಮಿ.ಮೀ. ದಪ್ಪದ, ಒಂದೂವರೆ ಅಡಿ ಆಸುಪಾಸಿನ ದಿಮ್ಮಿ ಬೇಕು. ಬಾಗು ಗೆರೆಯನ್ನು ದಿಮ್ಮಿಯ ಅಗಲ ಮುಖದ ಮೇಲೆ ಎಳೆಯುತ್ತೇವೆ. ಅಲ್ಲಿಂದ ಆ ಪೂರ್ತಿ ದಪ್ಪವನ್ನೂ ಸೀಳಿ, ನಡುವೆ ಪಟ್ಟಿ ಇಟ್ಟು ಅಂಟಿಸುತ್ತೇವೆ. ಮೈಸೂರಿನ ಬೀಟೆ ಕುಸುರಿಯಲ್ಲಿ ಚೂರುಗಳು ಮರದ ಮೇಲ್ಮೈಯಲ್ಲೇ ಕೂರುತ್ತವೆ, ಅಡಿಯ ಮರ ಹಾಗೇ ಇರುತ್ತದೆ. ಇಲ್ಲಿ ಪಟ್ಟಿ ಆರಪಾರ ಹೋಗುತ್ತದೆ. ಬಿಲ್ಲು ಎಳೆದಾಗ ಆ ಅಂಟಿನ ಮೇಲೂ ಭಾರ ಬೀಳುತ್ತದೆ. ಅದಕ್ಕೇ ಸಂದು ಬಿಡಬಾರದು ಅನ್ನುವುದು ಬರೀ ಅಂದದ ಮಾತಲ್ಲ.

ಮೊದಲು ಸಂದಿನ ಲೆಕ್ಕ

ಜಿಗ್‌ನ ಕೆಲಸ ಚೆಂದದ ಬಾಗು ಕೊಡುವುದು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಚೆಂದದ ಬಾಗನ್ನು ಕೈಯಲ್ಲೂ ತೆಗೆಯಬಹುದು. ಜಿಗ್‌ನ ನಿಜವಾದ ಕೆಲಸ ಬೇರೆ. ಎರಡು ಹೋಳುಗಳ ಮುಖಗಳು ಉದ್ದಕ್ಕೂ ಪಟ್ಟಿಯ ದಪ್ಪದಷ್ಟೇ ದೂರ ಇರಬೇಕು, ಎಲ್ಲೂ ಹೆಚ್ಚು ಕಡಿಮೆ ಆಗಬಾರದು. ಉಬ್ಬಿದ ಹೋಳಿನ ರೇಡಿಯಸ್ 275 ಮಿ.ಮೀ. ಇದ್ದು ಪಟ್ಟಿ 6 ಮಿ.ಮೀ. ಇದ್ದರೆ, ತಗ್ಗಿದ ಹೋಳಿನ ರೇಡಿಯಸ್ 281 ಆಗಲೇಬೇಕು. ಎರಡಕ್ಕೂ 275 ಇಟ್ಟು ನಡುವೆ ಪಟ್ಟಿ ತುರುಕಿದರೆ ತುದಿಗಳು ಮೊದಲು ಕಚ್ಚಿಕೊಳ್ಳುತ್ತವೆ, ನಡು ಬಾಯಿ ಬಿಡುತ್ತದೆ. ನನಗೆ ಆದದ್ದೂ ಅದೇ.

ಎಷ್ಟು ಬಾಯಿ ಬಿಡುತ್ತದೆ? ತುದಿಯಿಂದ ತುದಿಗೆ ನೇರವಾಗಿ 250 ಮಿ.ಮೀ. ಇರುವ ಬಾಗು ತಗೊಳ್ಳಿ. ನಡುವಿನ ಇಳಿತ (ಆ ನೇರ ಗೆರೆಯಿಂದ ಬಾಗಿನ ನಡುವಿಗೆ ಇರುವ ದೂರ) 15 ಮಿ.ಮೀ. ಇದ್ದರೆ ರೇಡಿಯಸ್ ಸುಮಾರು 528. ಇಳಿತ 30 ಆದರೆ ರೇಡಿಯಸ್ ಸುಮಾರು 275. ಎರಡೂ ಹೋಳನ್ನು ಒಂದೇ ಫರ್ಮಾದಿಂದ ತೆಗೆದು 6 ಮಿ.ಮೀ. ಪಟ್ಟಿ ಇಟ್ಟರೆ, ಮೊದಲನೆಯದರಲ್ಲಿ ನಡುವಿನ ಸಂದು ಸುಮಾರು 0.2 ಮಿ.ಮೀ., ಎರಡನೆಯದರಲ್ಲಿ ಸುಮಾರು 0.7. ಅದೇ ಜಾಗದಲ್ಲಿ 1.5 ಮಿ.ಮೀ. ಪಟ್ಟಿ ಇಟ್ಟರೆ ಸಂದು 0.04 ಮತ್ತು 0.18ಕ್ಕೆ ಇಳಿಯುತ್ತದೆ. 0.04 ಅಂದರೆ ಎಪಾಕ್ಸಿ ಅಂಟು ತುಂಬಿಕೊಳ್ಳುತ್ತದೆ, ಕಣ್ಣಿಗೂ ಕಾಣುವುದಿಲ್ಲ. 0.7 ಅಂದರೆ ಆ ದಿಮ್ಮಿ ಹಾಳಾಯಿತು ಅಂತಲೇ ಲೆಕ್ಕ.

ಹಾಗಾಗಿ ಮೊದಲು ಎರಡು ಸಂಖ್ಯೆ ಬರೆದುಕೊಳ್ಳಿ: ಬಾಗಿನ ಇಳಿತ ಎಷ್ಟು, ಪಟ್ಟಿ ಎಷ್ಟು ದಪ್ಪ. ಬಾಗು ವೃತ್ತದ ತುಂಡೋ, ಇಲ್ಲ ಹಾವಿನ ಹಾಗೆ ಎರಡು ಕಡೆ ತಿರುಗುತ್ತದೋ ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ. ಇಷ್ಟು ಗೊತ್ತಿದ್ದರೆ ಯಾವ ಜಿಗ್ ಅನ್ನುವುದು ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ.

ಬ್ಯಾಂಡ್‌ಸಾ ಮತ್ತು ಉಪ್ಪುಕಾಗದ

ಮೊದಲ ಬಿಲ್ಲು ಮಾಡುವವರಿಗೆ ನಾನು ಹೇಳುವುದು ಇದನ್ನೇ. ಇದಕ್ಕೆ ಜಿಗ್ ಅನ್ನುವಂಥದ್ದು ಹೆಚ್ಚೇನೂ ಬೇಕಿಲ್ಲ.

ಬ್ಯಾಂಡ್‌ಸಾ (ಪಟ್ಟಿಯಂಥ ಬ್ಲೇಡ್ ಸುತ್ತುವ ಗರಗಸ ಯಂತ್ರ) ಒಂದೇ ಸಲ ಸೀಳಿಕೊಂಡು ಹೋದಾಗ ಬ್ಲೇಡ್ ತಿನ್ನುವ ಮರ ಉದ್ದಕ್ಕೂ ಒಂದೇ ಅಗಲ ಇರುತ್ತದೆ, ಸುಮಾರು 1 ಮಿ.ಮೀ. ಅಂದರೆ ಎರಡು ಮುಖಗಳು ತಾವಾಗಿಯೇ ಸಮಾನ ದೂರದಲ್ಲಿವೆ. ಕೈ ಸ್ವಲ್ಪ ಅಲುಗಿದರೂ ಎರಡೂ ಮುಖ ಒಟ್ಟಿಗೇ ಅಲುಗುತ್ತವೆ. ಈ ಉಪಕಾರವನ್ನು ಬೇರೆ ಯಾವ ವಿಧಾನವೂ ಸುಮ್ನೆ ಕೊಡುವುದಿಲ್ಲ. ಇನ್ನು ಉಳಿಯುವುದು ಗರಗಸದ ಗೀರುಗಳನ್ನು ತೆಗೆಯುವ ಕೆಲಸ. ಎರಡೂ ಕಡೆ ಕಾಲು ಮಿ.ಮೀ. ಉಜ್ಜಿದರೆ ಸಂದು ಒಂದೂವರೆ ಮಿ.ಮೀ. ಆಗುತ್ತದೆ. ಪಟ್ಟಿಯೂ ಅಷ್ಟೇ ದಪ್ಪ ಇರಲಿ.

ಉಜ್ಜುವುದು ಹೇಗೆ ಅನ್ನುವುದರಲ್ಲಿ ಒಂದು ಗುಟ್ಟಿದೆ. ವೃತ್ತದ ತುಂಡು ಮತ್ತು ನೇರ ಗೆರೆ, ಈ ಎರಡು ಮಾತ್ರ ತಮ್ಮ ಮೇಲೆ ತಾವೇ ಜಾರಬಲ್ಲವು. ಹಾಗಾಗಿ ಬಾಗು ನಿಜವಾದ ವೃತ್ತದ ತುಂಡಾಗಿದ್ದರೆ ಒಂದು ಹೋಳನ್ನು ಇನ್ನೊಂದರ ಮೇಲೆ ಉಜ್ಜಿಯೇ ಕೂಡಿಸಬಹುದು. ಮೊದಲು ಉಬ್ಬಿದ ಹೋಳನ್ನು ಗೆರೆಗೆ ಸರಿಯಾಗಿ ನುಣುಪು ಮಾಡಿಕೊಳ್ಳಿ. ಅದರ ಮೇಲೆ ನಿಮ್ಮ ಪಟ್ಟಿಯನ್ನೇ ಬಾಗಿಸಿ, ಎರಡು ಬದಿಗೆ ಅಂಟುವ ಟೇಪಿನಿಂದ ಕೂರಿಸಿ. ಪಟ್ಟಿಯ ಮೇಲೆ 120 ನಂಬರಿನ ಉಪ್ಪುಕಾಗದ ಅಂಟಿಸಿ. ಈಗ ತಗ್ಗಿದ ಹೋಳನ್ನು ಅದರ ಮೇಲಿಟ್ಟು 10-15 ಮಿ.ಮೀ. ಹಿಂದೆ ಮುಂದೆ ಜಾರಿಸಿ. ಹೋಳಿನ ಮುಖದ ಮೇಲೆ ಪೆನ್ಸಿಲ್‌ನಿಂದ ಗೀಚಿಟ್ಟಿದ್ದರೆ ಎಲ್ಲಿ ತಾಗುತ್ತಿದೆ ಅನ್ನುವುದು ಕಾಣುತ್ತದೆ. ಮೊದಲು ತುದಿಗಳ ಗೀಚು ಅಳಿಸುತ್ತದೆ, ಆಮೇಲೆ ನಿಧಾನವಾಗಿ ನಡುವಿನದು. ಪೂರ್ತಿ ಅಳಿಸಿದ ಹೊತ್ತಿಗೆ ಆ ಮುಖ ಪಟ್ಟಿಯ ಹೊರಮೈಗೆ ಸರಿಯಾಗಿ ಕೂರುತ್ತದೆ. ಉಪ್ಪುಕಾಗದದ ದಪ್ಪ ಲೆಕ್ಕ ತಪ್ಪಿಸುವುದಿಲ್ವಾ ಅಂತ ಕೇಳಬಹುದು. ಕಾಗದ 0.3 ಮಿ.ಮೀ. ಇದ್ದರೂ, 275 ರೇಡಿಯಸ್‌ನ ಆ ಬಾಗಿನಲ್ಲಿ ಬರುವ ವ್ಯತ್ಯಾಸ 0.03 ಮಿ.ಮೀ. ಅಷ್ಟನ್ನು ಅಂಟೇ ನುಂಗಿಕೊಳ್ಳುತ್ತದೆ.

ಬ್ಲೇಡ್ ವಿಷಯದಲ್ಲಿ ಒಂದು ಮಾತು. ಬಾಗು ಕತ್ತರಿಸಬೇಕು ಅಂತ 6 ಮಿ.ಮೀ. ಅಗಲದ ಸಣ್ಣ ಬ್ಲೇಡ್ ಹಾಕಬೇಡಿ. ಅದು 16 ಮಿ.ಮೀ. ರೇಡಿಯಸ್‌ವರೆಗೂ ತಿರುಗುತ್ತದೆ, ನಮಗೆ ಅದು ಬೇಕಿಲ್ಲ. 12 ಮಿ.ಮೀ. ಬ್ಲೇಡ್ ಸುಮಾರು 65 ಮಿ.ಮೀ. ರೇಡಿಯಸ್‌ಗೆ ತಿರುಗುತ್ತದೆ, ರೈಸರ್ ಬಾಗಿಗೆ ಧಾರಾಳವಾಯಿತು. 50 ಮಿ.ಮೀ. ದಪ್ಪದ ಗಟ್ಟಿ ಮರದೊಳಗೆ ಅಗಲ ಬ್ಲೇಡ್ ಹೊಟ್ಟೆ ಬಿಡುವುದು ಕಡಿಮೆ.

ಈ ವಿಧಾನ ಎಲ್ಲಿ ಸೋಲುತ್ತದೆ? ಹಾವಿನಂಥ ಬಾಗಿಗೆ ಜಾರಿಸಿ ಉಜ್ಜಲು ಆಗುವುದಿಲ್ಲ. ಪಟ್ಟಿ 2 ಮಿ.ಮೀ. ದಾಟಿದರೆ ಉಜ್ಜಿ ಉಜ್ಜಿ ಕೈ ಸೋಲುತ್ತದೆ. ಒಂದೇ ಥರದ ಐದು ಬಿಲ್ಲು ಬೇಕೆಂದರೂ ಇದು ಹೊಂದುವುದಿಲ್ಲ, ಪ್ರತಿ ಜೋಡಿಯೂ ತನ್ನದೇ ಆಗಿರುತ್ತದೆ.

ಮೊಳೆ ಜಿಗ್

ಬ್ಯಾಂಡ್‌ಸಾ ಮೇಜಿನ ಮೇಲೆ ಒಂದು ಪ್ಲೈವುಡ್ ಹಲಗೆ, ಅದರಲ್ಲೊಂದು ಮೊಳೆ. ದಿಮ್ಮಿಯನ್ನು ಕೂರಿಸಿದ ತಟ್ಟೆ ಆ ಮೊಳೆಯ ಸುತ್ತ ತಿರುಗುತ್ತದೆ. ಮೊಳೆ ಬ್ಲೇಡಿನ ಹಲ್ಲಿಗೆ ಸರಿಯಾಗಿ ಅಡ್ಡಕ್ಕೆ ಇರಬೇಕು, ಹಿಂದೆ ಮುಂದೆ ಆದರೆ ಬ್ಲೇಡ್ ತಿರುಚಿಕೊಳ್ಳುತ್ತದೆ. ದಪ್ಪ ಪಟ್ಟಿ ಬೇಕಿದ್ದರೆ ಇದು ಒಳ್ಳೆಯದು. ಮೊದಲು ಒಂದು ಸೀಳು. ಆಮೇಲೆ ತಗ್ಗಿದ ಹೋಳನ್ನು ತಟ್ಟೆಯ ಮೇಲೆ ಅಲುಗಿಸದೆ, ಮೊಳೆ ಮತ್ತು ಬ್ಲೇಡಿನ ನಡುವಿನ ದೂರ ಮಾತ್ರ ಹೆಚ್ಚಿಸಿ ಇನ್ನೊಂದು ಸೀಳು. ಪಟ್ಟಿ 6 ಮಿ.ಮೀ., ಬ್ಲೇಡ್ ತಿನ್ನುವ ಮರ 1 ಮಿ.ಮೀ. ಅಂದರೆ 5 ಮಿ.ಮೀ. ಹೆಚ್ಚಿಸಬೇಕು. ಎರಡೂ ಒಂದೇ ಕೇಂದ್ರದ ವೃತ್ತ, ಸಂದು ಸಮ. ವೃತ್ತ ಬಿಟ್ಟು ಬೇರೆ ಬಾಗು ಮಾತ್ರ ಇದರಲ್ಲಿ ಬರುವುದಿಲ್ಲ.

ರೂಟರ್ ಮತ್ತು ಫರ್ಮಾ

ಮನಸ್ಸಿಗೆ ಬಂದ ಬಾಗು ಬೇಕು, ಮತ್ತೆ ಮತ್ತೆ ಅದೇ ಬಾಗು ಬೇಕು ಅನ್ನುವವರಿಗೆ ಫರ್ಮಾ ಬಿಟ್ಟರೆ ದಾರಿಯಿಲ್ಲ. ಆದರೆ ಒಂದಲ್ಲ, ಎರಡು ಫರ್ಮಾ. ಉಬ್ಬಿಗೆ ಒಂದು, ತಗ್ಗಿಗೆ ಒಂದು. ಎರಡನ್ನು ಬೇರೆ ಬೇರೆಯಾಗಿ ಗೆರೆ ಎಳೆದು ಮಾಡಲು ಹೋದರೆ ಹೊಂದಿಸುವುದರಲ್ಲೇ ವಾರ ಕಳೆಯುತ್ತದೆ. ಸುಲಭದ ದಾರಿ ಇದೆ.

12 ಮಿ.ಮೀ. ದಪ್ಪದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ತಗೊಳ್ಳಿ. ನಿಮಗೆ ಬೇಕಾದ ಬಾಗನ್ನು ಇನ್ನೊಂದು ಹಲಗೆಯಲ್ಲಿ ನುಣುಪಾಗಿ ತೆಗೆದು, ಅದನ್ನು ಎಂಡಿಎಫ್ ಮೇಲೆ ಕೂರಿಸಿ. ರೂಟರ್‌ಗೆ (ವೇಗವಾಗಿ ತಿರುಗುವ ಅಲಗಿನಿಂದ ಮರ ಕೊರೆಯುವ ಯಂತ್ರಕ್ಕೆ) ಗೈಡ್ ಬುಷ್, ಅಂದರೆ ಹಲಗೆಯ ಅಂಚಿಗೆ ಒರಗಿ ಹೋಗುವ ಬಳೆ ಹಾಕಿ, 6 ಮಿ.ಮೀ. ಬಿಟ್‌ನಿಂದ (ಆ ಅಲಗಿನಿಂದ) ಆ ಬಾಗಿನ ಉದ್ದಕ್ಕೂ ಕಾಲುವೆ ಹೊಡೆಯಿರಿ. ಎರಡು ಮೂರು ಸಲ ಆಳ ಹೆಚ್ಚಿಸಿಕೊಂಡು ಹಲಗೆ ಎರಡಾಗುವವರೆಗೂ ಹೊಡೆಯಿರಿ. ಕಾಲುವೆಯ ಎರಡು ದಡಗಳೇ ನಿಮ್ಮ ಎರಡು ಫರ್ಮಾ. ಅವುಗಳ ನಡುವಿನ ದೂರ ಎಲ್ಲ ಕಡೆ 6 ಮಿ.ಮೀ., ಬಾಗು ಹಾವಿನಂತಿದ್ದರೂ ಸರಿಯೇ. ಪ್ರತಿ ಸಲವೂ ಬುಷ್ ಹಲಗೆಗೆ ಒತ್ತಿಕೊಂಡೇ ಹೋಗಬೇಕು, ಅಷ್ಟೇ. ಒಮ್ಮೆ ಕೈ ಸಡಿಲಾಗಿ ಆಚೆ ಸರಿದರೂ ಆ ಜಾಗದಲ್ಲಿ ಕಾಲುವೆ ಅಗಲವಾಗುತ್ತದೆ. ಹಾಗಾದರೆ ಹಲಗೆ ಬದಲಾಯಿಸಿ ಮತ್ತೆ ಹೊಡೆಯಿರಿ. ಎಂಡಿಎಫ್ ಅಗ್ಗ, ಬೀಟೆ ಅಗ್ಗವಲ್ಲ.

ಇದೇ ಕಾಲುವೆಯನ್ನು ನೇರವಾಗಿ ರೈಸರ್ ದಿಮ್ಮಿಯಲ್ಲೇ ಹೊಡೆಯಬಹುದಲ್ವಾ ಅಂತ ಅನಿಸುತ್ತದೆ. 6 ಮಿ.ಮೀ. ಬಿಟ್‌ನ ಕತ್ತರಿಸುವ ಉದ್ದ ಸಾಮಾನ್ಯವಾಗಿ 20-25 ಮಿ.ಮೀ. 50 ಮಿ.ಮೀ. ಆಳಕ್ಕೆ ಅದು ಮುಟ್ಟುವುದಿಲ್ಲ, ಮುಟ್ಟಿಸಲು ಹೋದರೆ ಮುರಿಯುತ್ತದೆ.

ಫರ್ಮಾ ಸಿದ್ಧವಾದ ಮೇಲೆ ಪ್ರತಿ ಹೋಳನ್ನು ಬ್ಯಾಂಡ್‌ಸಾದಲ್ಲಿ ಗೆರೆಯಿಂದ 1-2 ಮಿ.ಮೀ. ಬಿಟ್ಟು ಕತ್ತರಿಸಿ. ಫರ್ಮಾ ಕೂರಿಸಿ, ಫರ್ಮಾಕ್ಕೆ ಒರಗಿ ಉರುಳುವ ಬೇರಿಂಗ್ ಇರುವ ಉದ್ದ ಬಿಟ್‌ನಿಂದ ಸವರಿ. ಇಲ್ಲಿ ತುಂಬ ಜನ ಎಡವುವುದು ಯಂತ್ರದ ವಿಷಯದಲ್ಲಿ. 50 ಮಿ.ಮೀ. ಉದ್ದದ ಬಿಟ್‌ಗೆ, ಯಂತ್ರದೊಳಗೆ ಕೂರುವ ಕಾಂಡ ಸಾಮಾನ್ಯವಾಗಿ ಅರ್ಧ ಇಂಚಿನದು. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವ, ಒಂದೇ ಕೈಯಲ್ಲಿ ಹಿಡಿಯುವ ಟ್ರಿಮ್ಮರ್‌ಗೆ ಅದು ಹೊಂದುವುದಿಲ್ಲ. ದೊಡ್ಡ ರೂಟರ್ ಬೇಕು, ಅದನ್ನು ಮೇಜಿಗೆ ತಲೆಕೆಳಗಾಗಿ ಕೂರಿಸಿದರೆ ಇನ್ನೂ ಕ್ಷೇಮ.

ಎರಡನೇ ತೊಂದರೆ ಮರದ ಎಳೆ. ಉಬ್ಬಿದ ಬಾಗಿನಲ್ಲಿ ನೆತ್ತಿಯಿಂದ ತುದಿಯ ಕಡೆಗೆ ಹೋದರೆ ಎಳೆ ನುಣುಪಾಗಿ ಕತ್ತರಿಸುತ್ತದೆ, ತುದಿಯಿಂದ ನೆತ್ತಿಗೆ ಹೋದರೆ ಕಿತ್ತು ಬರುತ್ತದೆ. ತಗ್ಗಿದ ಬಾಗಿನಲ್ಲಿ ಇದಕ್ಕೆ ತಿರುಗುಮುರುಗು: ತುದಿಯಿಂದ ತಳದ ಕಡೆಗೆ. ರೂಟರ್‌ನಲ್ಲಿ ನಾವು ಬಿಟ್ ತಿರುಗುವ ದಿಕ್ಕಿಗೆ ಎದುರಾಗಿ ಮಾತ್ರ ಮರ ತಳ್ಳಬೇಕು. ಅಂದರೆ ಒಂದು ಮಗ್ಗುಲಲ್ಲಿ ಅರ್ಧ ಬಾಗು ಮಾತ್ರ ಎಳೆಗೆ ಸರಿಯಾಗಿ ಬರುತ್ತದೆ. ಉಳಿದ ಅರ್ಧಕ್ಕೆ ಮರವನ್ನು ಮಗುಚಬೇಕು. ಅದಕ್ಕೇ ಮೇಲೂ ಕೆಳಗೂ ಬೇರಿಂಗ್ ಇರುವ ಬಿಟ್‌ಗೆ ಕೊಡುವ ದುಡ್ಡು ದಂಡವಲ್ಲ. ಫರ್ಮಾ ತೆಗೆಯದೆ ಮರ ಮಗುಚಿ, ಇನ್ನೊಂದು ಬೇರಿಂಗ್‌ನಲ್ಲಿ ಉಳಿದ ಅರ್ಧ ಮುಗಿಸಬಹುದು. ಫರ್ಮಾವನ್ನು ಎರಡೂ ತುದಿಯಲ್ಲಿ ಮರಕ್ಕಿಂತ 50 ಮಿ.ಮೀ. ಉದ್ದ ಬಿಡಿ. ಬೇರಿಂಗ್ ಮೊದಲು ಫರ್ಮಾಕ್ಕೆ ತಾಗಿ ಆಮೇಲೆ ಬಿಟ್ ಮರಕ್ಕೆ ತಾಗಬೇಕು. ಇಲ್ಲದಿದ್ದರೆ ಮರ ಕೈಯಿಂದ ಕಿತ್ತುಕೊಂಡು ಹೋಗುತ್ತದೆ, ಬೆರಳೂ ಜೊತೆಗೆ ಹೋಗಬಹುದು.

ಡ್ರಮ್‌ನಲ್ಲಿ ಉಜ್ಜುವುದು

ರೂಟರ್ ಸದ್ದಿಗೆ, ವೇಗಕ್ಕೆ ಹೆದರುವವರಿಗೆ ಇದು ಒಳ್ಳೆಯ ದಾರಿ. ಹೆದರುವುದು ತಪ್ಪೇನಲ್ಲ. ಡ್ರಿಲ್ ಪ್ರೆಸ್‌ಗೆ (ಕಂಬಕ್ಕೆ ಕೂರಿಸಿದ ಡ್ರಿಲ್ ಯಂತ್ರಕ್ಕೆ) ಉಪ್ಪುಕಾಗದ ಸುತ್ತಿದ ಡ್ರಮ್ ಹಾಕಿ. ಅದರ ನೇರ ಕೆಳಗೆ, ಮೇಜಿಗೆ, ಡ್ರಮ್‌ನಷ್ಟೇ ಅಗಲದ ಪ್ಲೈವುಡ್ ಬಿಲ್ಲೆ ಬಿಗಿಯಿರಿ. ಮರದ ಅಡಿಗೆ ಕೂರಿಸಿದ ಫರ್ಮಾ ಆ ಬಿಲ್ಲೆಗೆ ಒರಗಿಕೊಂಡು ಹೋಗುತ್ತದೆ, ಮೇಲಿನ ಡ್ರಮ್ ಮರವನ್ನು ಫರ್ಮಾಕ್ಕೆ ಸರಿಯಾಗಿ ಉಜ್ಜುತ್ತದೆ. ಎಳೆ ಯಾವ ಕಡೆ ಹೋದರೂ ಕಿತ್ತು ಬರುವುದಿಲ್ಲ. ಎಳೆ ಸುರುಳಿ ಸುತ್ತಿಕೊಂಡ ಮರಕ್ಕೆ ನಾನು ಇದನ್ನೇ ಬಳಸುತ್ತೇನೆ.

ನಿಧಾನ, ಧೂಳು ಜಾಸ್ತಿ. ಬೀಟೆ, ಪಡೌಕ್ ಥರದ ಮರಗಳ ಧೂಳು ಹಲವರಿಗೆ ಚರ್ಮಕ್ಕೂ ಉಸಿರಿಗೂ ಆಗಿಬರುವುದಿಲ್ಲ. ಬಟ್ಟೆ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಬೇಕು. ಗಟ್ಟಿಯಾಗಿ ಒತ್ತಿದರೆ ಡ್ರಮ್ ಓರೆಯಾಗುತ್ತದೆ, ಮರ ಸುಡುತ್ತದೆ. ಡ್ರಮ್ ಮೇಜಿಗೆ ಲಂಬವಾಗಿದೆಯೇ ಅಂತ ಮೂಲೆಮಟ್ಟ ಇಟ್ಟು ನೋಡಿ. ಒಂದು ಡಿಗ್ರಿ ಓರೆಯಾದರೆ 50 ಮಿ.ಮೀ. ದಪ್ಪಕ್ಕೆ 0.87 ಮಿ.ಮೀ. ವ್ಯತ್ಯಾಸ. ಎದುರಿನ ಮುಖದಲ್ಲಿ ಪಟ್ಟಿ ಚೆಂದ ಕೂತು ಹಿಂದಿನ ಮುಖದಲ್ಲಿ ಸಂದು ಬಿಟ್ಟಿದ್ದರೆ ಕಾರಣ ಹೆಚ್ಚಾಗಿ ಇದೇ. ಒಂದೇ ಸಲ ಸೀಳುವ ಬ್ಯಾಂಡ್‌ಸಾ ವಿಧಾನದಲ್ಲಿ ಈ ಕಾಟ ಕಡಿಮೆ, ಓರೆಯಾದರೂ ಎರಡು ಹೋಳೂ ಒಂದೇ ಓರೆ.

ಲೇಸರ್‌ನಲ್ಲಿ ಫರ್ಮಾ ಮಾಡಿಸುವುದು

ಬೋರ್ಡ್ ಮಾಡುವ ಅಂಗಡಿಗಳಲ್ಲಿ 6 ಮಿ.ಮೀ. ಅಕ್ರಿಲಿಕ್ ಕತ್ತರಿಸುವ ಲೇಸರ್ ಈಗ ಸಣ್ಣ ಊರುಗಳಲ್ಲೂ ಇದೆ. ಬಾಗು ನಿಖರವಾಗಿ ಬರುತ್ತದೆ. ನಾನೊಮ್ಮೆ ಮಾಡಿಸಿದಾಗ ಎಲ್ಲೋ ಅಳತೆ ಶೇಕಡಾ 3ರಷ್ಟು ಕುಗ್ಗಿಹೋಗಿತ್ತು. ಅಂಗಡಿಯವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಮನೆಗೆ ಬಂದು ದಿಮ್ಮಿಯ ಮೇಲಿಟ್ಟಾಗ ಗೊತ್ತಾಯಿತು. ಈಗ ಚಿತ್ರದ ಮೂಲೆಯಲ್ಲಿ 100 ಮಿ.ಮೀ. ಗೆರೆಯೊಂದನ್ನು ಸೇರಿಸಿರುತ್ತೇನೆ. ಅಂಗಡಿಯಲ್ಲೇ ಅಳೆದು ಆಮೇಲೆ ದುಡ್ಡು ಕೊಡುತ್ತೇನೆ. ಅಕ್ರಿಲಿಕ್ ತುಂಡನ್ನು ನೇರ ಫರ್ಮಾ ಆಗಿ ಬಳಸಬೇಡಿ. ಬೇರಿಂಗ್‌ನ ಬಿಸಿಗೆ ಅಂಚು ಮೆತ್ತಗಾಗಬಹುದು. ಅದನ್ನು ಮೂಲವಾಗಿ ಇಟ್ಟುಕೊಂಡು ಎಂಡಿಎಫ್ ಪ್ರತಿ ತೆಗೆಯಿರಿ.

ಪಟ್ಟಿಯ ಆಯ್ಕೆ ಜಿಗ್‌ನ ಆಯ್ಕೆಯನ್ನೂ ಬದಲಿಸುತ್ತದೆ

275 ರೇಡಿಯಸ್‌ಗೆ 1.5 ಮಿ.ಮೀ. ಪಟ್ಟಿ ಒಣಗಿದ ಸ್ಥಿತಿಯಲ್ಲೇ ಸುಲಭವಾಗಿ ಬಾಗುತ್ತದೆ. 3 ಮಿ.ಮೀ. ಆದರೆ ಗುಣುಗುಟ್ಟುತ್ತದೆ. 6 ಮಿ.ಮೀ. ಮುರಿಯುತ್ತದೆ. ಹಾಗಾಗಿ 6 ಮಿ.ಮೀ. ದಪ್ಪ ಬೇಕೆಂದರೆ ಒಂದೂವರೆ ಮಿ.ಮೀ.ನ ನಾಲ್ಕು ಪದರ ಸೇರಿಸುತ್ತೇವೆ. ಕಪ್ಪು, ಬಿಳಿ, ಮತ್ತೆ ಕಪ್ಪು ಹೀಗೆ ಪದರ ಜೋಡಿಸಿದರೆ ಅಂದವೂ ಹೆಚ್ಚು. ಹಳದಿಗೆ ನಮ್ಮ ಅರಿಶಿನ ತೇಗ ಚೆನ್ನಾಗಿ ಒಪ್ಪುತ್ತದೆ. ಪದರಗಳನ್ನು ಬಾಗಿಸಲು ಬೇರೆ ಅಚ್ಚು ಬೇಕಿಲ್ಲ, ರೈಸರ್‌ನ ಎರಡು ಹೋಳುಗಳೇ ಅಚ್ಚು. ಅಂಟು ಹಚ್ಚುವ ಮುಂಚೆ ನಾಲ್ಕು ಪದರ ಒಟ್ಟಿಗೆ ಹಿಡಿದು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಒಂದೊಂದರಲ್ಲಿ 0.1 ಹೆಚ್ಚಾದರೂ ಒಟ್ಟು 0.4.

ಅಂಟಿಗೆ ನಿಧಾನವಾಗಿ ಗಟ್ಟಿಯಾಗುವ ಎರಡು ಡಬ್ಬಿಯ ಎಪಾಕ್ಸಿ. ಐದು ನಿಮಿಷದ್ದು ಬೇಡವೇ ಬೇಡ. ತೇಗ, ಬೀಟೆಯಂಥ ಎಣ್ಣೆ ಮರವನ್ನು ಹಚ್ಚುವ ಮುಂಚೆ ಅಸಿಟೋನ್‌ನಲ್ಲಿ ಒರೆಸಿ. ಎಪಾಕ್ಸಿ ಹಚ್ಚಿದ ಬಾಗಿದ ಹೋಳುಗಳು ಕ್ಲ್ಯಾಂಪ್ ಬಿಗಿದ ತಕ್ಷಣ ಸೋಪಿನ ಹಾಗೆ ಜಾರುತ್ತವೆ. ಆಮೇಲೆ ಕತ್ತರಿಸಿ ಬಿಸಾಡುವ ಜಾಗದಲ್ಲಿ ಎರಡು ಮರದ ಗೂಟ ಇಟ್ಟರೆ ಜಾರುವುದು ನಿಲ್ಲುತ್ತದೆ. ಕ್ಲ್ಯಾಂಪನ್ನು ಮೈಮೇಲೆ ಬಂದವರ ಹಾಗೆ ಬಿಗಿಯಬೇಡಿ, ಎಪಾಕ್ಸಿ ಪೂರ್ತಿ ಹೊರಗೆ ಬಂದರೆ ಬೆಸುಗೆ ಬಡವಾಗುತ್ತದೆ.

ಬಾಗು ಎಲ್ಲಿ ಹಾಯಬೇಕು ಅನ್ನುವುದನ್ನೂ ಈಗಲೇ ಯೋಚಿಸಿ. ಬಿಲ್ಲು ಎಳೆದಾಗ ಬೆನ್ನು ಹಿಗ್ಗಲು ನೋಡುತ್ತದೆ. ಅಂಟಿನ ಗೆರೆ ಬೆನ್ನನ್ನು ನೇರ ಅಡ್ಡಕ್ಕೆ ಕತ್ತರಿಸಿದರೆ ಆ ಎಳೆತವೆಲ್ಲ ಅಂಟಿನ ಮೇಲೆ ಬೀಳುತ್ತದೆ. ಗೆರೆ ಓರೆಯಾಗಿ, ಉದ್ದಕ್ಕೆ ಬೆನ್ನನ್ನು ಸೇರಲಿ. ಹಿಡಿಯ ಕತ್ತು ಅತಿ ತೆಳ್ಳಗಿರುವ ಜಾಗದಲ್ಲಂತೂ ಅಡ್ಡ ಗೆರೆ ಬೇಡ. ಒಂದೇ ತುಂಡಿನ ಬಿಲ್ಲಿನಲ್ಲಿ ಬೆನ್ನಿನ ಉದ್ದಕ್ಕೂ ಫೈಬರ್‌ಗ್ಲಾಸ್ ಹಾದುಹೋಗಿ ಆ ಎಳೆತ ಹೊರುತ್ತದೆ. ಲಿಂಬ್ ಬಿಚ್ಚಿಡುವ ಬಿಲ್ಲಿನ ರೈಸರ್‌ಗೆ ಆ ಆಸರೆ ಇರುವುದಿಲ್ಲ.

ಹಾಗಾದರೆ ನಿಮಗೆ ಯಾವುದು?

ಒಂದೇ ಬಿಲ್ಲು, ತೆಳು ಪಟ್ಟಿ, ವೃತ್ತದ ಬಾಗು: ಬ್ಯಾಂಡ್‌ಸಾ ಮತ್ತು ಉಪ್ಪುಕಾಗದ, ಬೇರೆ ಯೋಚನೆ ಬೇಡ. ಅದೇ ಬಾಗಿಗೆ ದಪ್ಪ ಪಟ್ಟಿ ಬೇಕಾದರೆ ಮೊಳೆ ಜಿಗ್ ಸೇರಿಸಿಕೊಳ್ಳಿ. ಹಾವಿನಂಥ ಬಾಗು, ಇಲ್ಲ ಒಂದೇ ಥರದ ಹಲವು ಬಿಲ್ಲು ಅಂದರೆ ಕಾಲುವೆ ಹೊಡೆದ ಜೋಡಿ ಫರ್ಮಾ. ಆ ಫರ್ಮಾಕ್ಕೆ ರೂಟರ್ ಹಿಡಿಯುವುದೋ ಡ್ರಮ್ ಹಿಡಿಯುವುದೋ ಅನ್ನುವುದನ್ನು ಮರದ ಎಳೆ ನೋಡಿ ನಿರ್ಧರಿಸಿ. ನೇರ ಎಳೆಗೆ ರೂಟರ್, ಸುರುಳಿ ಎಳೆಗೆ ಡ್ರಮ್.

ಯಾವುದನ್ನೇ ಆರಿಸಿದರೂ ಮೊದಲ ಜೋಡಿಯನ್ನು ಸಿಲ್ವರ್ ಓಕ್ ತುಂಡಿನಲ್ಲಿ ತೆಗೆಯಿರಿ. ಕಾಫಿ ತೋಟದ ನೆರಳಿನ ಮರ ಅದು, ಮಲೆನಾಡಿನ ಕಡೆ ಮಿಲ್‌ಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಅಂಟಿಲ್ಲದೆ ಪಟ್ಟಿ ಇಟ್ಟು, ಎರಡೇ ಕ್ಲ್ಯಾಂಪ್ ಮೆಲ್ಲಗೆ ಬಿಗಿದು, ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಟಾರ್ಚ್ ಹಿಡಿಯಿರಿ. ಬೆಳಕು ಎಲ್ಲಿ ಸೋರುತ್ತದೋ ಅಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ನಡುವೆ ಸೋರಿದರೆ ತಗ್ಗಿದ ಹೋಳಿನ ರೇಡಿಯಸ್ ಸಾಲದು, ತುದಿಗಳಲ್ಲಿ ಸೋರಿದರೆ ಅದು ಜಾಸ್ತಿಯಾಗಿದೆ. ಒಂದು ಪಕ್ಕದಲ್ಲಿ ಮಾತ್ರ ಸೋರಿದರೆ ಬ್ಲೇಡೋ ಡ್ರಮ್ಮೋ ಮೇಜಿಗೆ ಓರೆ ಇದೆ. ಅದನ್ನು ಸರಿಮಾಡಿ ಇನ್ನೊಂದು ಸಿಲ್ವರ್ ಓಕ್ ಜೋಡಿ ತೆಗೆಯಿರಿ. ಟಾರ್ಚ್ ಬೆಳಕು ಎಲ್ಲೂ ಕಾಣದ ದಿನ ಬೀಟೆ ಹೊರಗೆ ತೆಗೆಯಿರಿ.